ಎಂಜಿನ್ನಿನ ಪುನರ್ಜೋಡಣೆಯಲ್ಲಿ ಸೀಲು ಮತ್ತು ಗ್ಯಾಸ್ಕೆಟ್ಟು: ಮೈಸೂರಿನ ಜಾವಾ–ಯೆಜ್ಡಿಯನ್ನು ಮುಂದಿಟ್ಟುಕೊಂಡು

ಯಂತ್ರವೊಂದನ್ನು ಬಿಚ್ಚಿ ಮರಳಿ ಜೋಡಿಸುವಾಗ ನೋಡುವವರ ಕಣ್ಣು ಸಹಜವಾಗಿಯೇ ದೊಡ್ಡ ಭಾಗಗಳ ಮೇಲೆ ಹೋಗುತ್ತದೆ. ಮೋಟಾರ್ ಸೈಕಲ್ಲಿನ ಎಂಜಿನ್ನು ಮೇಜಿನ ಮೇಲೆ ಬಿಡಿಬಿಡಿಯಾಗಿ ಹರಡಿರುವಾಗ ಅದರ ಒಡೆಯನು ಕೇಳುವ ಪ್ರಶ್ನೆಗಳೆಲ್ಲ ಪಿಸ್ಟನ್ನಿನ ಅಳತೆ, ಸಿಲಿಂಡರಿನ ಬೋರು, ಬೇರಿಂಗುಗಳ ಗುಣ, ಕನೆಕ್ಟಿಂಗ್ ರಾಡಿನ ಸವೆತ ಇವುಗಳನ್ನು ಕುರಿತವು. ಅದೇ ಮೇಜಿನ ಮೂಲೆಯಲ್ಲಿ ಒಂದು ಚಿಕ್ಕ ಪೊಟ್ಟಣದಲ್ಲಿ ನಾಲ್ಕಾರು ರಬ್ಬರು ಉಂಗುರಗಳೂ ಕತ್ತರಿಸಿದ ಕೆಲವು ಕಾಗದದ ಹಾಳೆಗಳೂ ಬಿದ್ದಿರುತ್ತವೆ. ಅವುಗಳ ಬೆಲೆ ಇಡೀ ದುರಸ್ತಿಯ ವೆಚ್ಚದಲ್ಲಿ ಅತ್ಯಲ್ಪ. ಆದುದರಿಂದಲೇ ಅವುಗಳಿಗೆ ಸಲ್ಲುವ ಗಮನವೂ ಅತ್ಯಲ್ಪ. ಈ ಉಂಗುರಗಳೇ ಸೀಲುಗಳು. ಕಾಗದದ ಹಾಳೆಗಳೇ ಗ್ಯಾಸ್ಕೆಟ್ಟುಗಳು. ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಎರಡನೆಯದಕ್ಕೆ ‘ಪ್ಯಾಕಿಂಗು’ ಎಂಬ ಹೆಸರೇ ರೂಢಿ. ಎರಡು-ಸ್ಟ್ರೋಕ್ ಎಂಜಿನ್ನಿನಲ್ಲಿ ಇವು ಕೇವಲ ಎಣ್ಣೆ ಸೋರದಂತೆ ತಡೆಯುವ ಬಿರಡೆಗಳಲ್ಲ, ಎಂಜಿನ್ನಿನ ಉಸಿರಾಟವನ್ನೇ ನಡೆಸಿಕೊಡುವ ಅಂಗಗಳು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕೆ ನಿದರ್ಶನವಾಗಿ ಕನ್ನಡ ನಾಡಿನಲ್ಲಿಯೇ ಹುಟ್ಟಿ ಬೆಳೆದ ಎಂಜಿನ್ನೊಂದನ್ನು ಎತ್ತಿಕೊಳ್ಳುವುದು ಉಚಿತ. ಚೆಕೊಸ್ಲೊವಾಕಿಯದ ಜಾನೆಚೆಕ್ ಎಂಬಾತನು 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲಕ್ಷರಗಳನ್ನೂ ಅದರ ಹೆಸರಿನ ಮೊದಲಕ್ಷರಗಳನ್ನೂ ಸೇರಿಸಿ ‘ಜಾವಾ’ ಎಂದು ನಾಮಕರಣ ಮಾಡಿದನು. ಆ ಬಂಡಿಯನ್ನು ಭಾರತದಲ್ಲಿ ತಯಾರಿಸಲು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಸ್ಥಾಪಿತವಾಗಿ, 1961ರಲ್ಲಿ ಉತ್ಪಾದನೆ ಆರಂಭವಾಯಿತು. 1973ರಿಂದ ಅದೇ ವಂಶದ ಬಂಡಿಗಳು ‘ಯೆಜ್ಡಿ’ ಎಂಬ ಹೆಸರಿನಿಂದ ಹೊರಬಂದವು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರೂ 2022ರಲ್ಲಿ ಯೆಜ್ಡಿ ಎಂಬ ಹೆಸರೂ ಹೊಸ ಬಂಡಿಗಳ ಮೇಲೆ ಮತ್ತೆ ಕಾಣಿಸಿಕೊಂಡವು. ಆದರೆ ಅವು ನಾಲ್ಕು-ಸ್ಟ್ರೋಕಿನವು, ಇಲ್ಲಿಯ ವಿಷಯಕ್ಕೆ ಸೇರಿದವಲ್ಲ. ಹಳೆಯ ಮೈಸೂರು ಬಂಡಿಗಳನ್ನು ಜತನದಿಂದ ಕಾಪಾಡಿಕೊಂಡು ಬಂದವರು ಇಂದಿಗೂ ಸಾವಿರಗಟ್ಟಲೆ ಇದ್ದಾರೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಅವರು ತಮ್ಮ ಬಂಡಿಗಳೊಡನೆ ಒಂದೆಡೆ ಸೇರುವ ಪದ್ಧತಿಯೂ ಬೆಳೆದುಬಂದಿದೆ. ತಂದೆ ಓಡಿಸಿದ ಬಂಡಿಯನ್ನು ಮಗ, ಅಜ್ಜ ಓಡಿಸಿದ್ದನ್ನು ಮೊಮ್ಮಗ ಬಿಚ್ಚಿ ಜೋಡಿಸುವ ಕಾಲ ಇದು. ಆದ್ದರಿಂದ ವಿಷಯವು ಹಳತಾದರೂ ಅಗತ್ಯವು ಹಳತಾಗಿಲ್ಲ.

ಎರಡು-ಸ್ಟ್ರೋಕ್ ಎಂಜಿನ್ನು ಉಸಿರಾಡುವ ಬಗೆಯನ್ನು ಮೊದಲು ತಿಳಿಯಬೇಕು. ಕಮ್ಮಾರನ ಕುಲುಮೆಯ ತಿದಿಯನ್ನು ಕಂಡವರಿಗೆ ಇದು ಸುಲಭವಾಗಿ ಮನದಟ್ಟಾಗುತ್ತದೆ. ತಿದಿ ಅರಳಿದಾಗ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಒತ್ತಿದಾಗ ಕೆಂಡದತ್ತ ನೂಕುತ್ತದೆ. ಜಾವಾದ 65 ಮಿಲಿಮೀಟರು ಬೋರಿನ, 75 ಮಿಲಿಮೀಟರು ಸ್ಟ್ರೋಕಿನ ಒಂಟಿ ಸಿಲಿಂಡರಿನ ಕೆಳಗೆ ಕ್ರ್ಯಾಂಕ್ ಶಾಫ್ಟು ತಿರುಗುವ ಕೋಣೆಯಿದೆಯಷ್ಟೆ. ಆ ಕ್ರ್ಯಾಂಕ್‌ಕೇಸೇ ಇಲ್ಲಿಯ ತಿದಿ. ಪಿಸ್ಟನ್ನು ಮೇಲಕ್ಕೇರಿದಾಗ ಕೆಳಗಿನ ಕೋಣೆಯಲ್ಲಿ ಒತ್ತಡ ಇಳಿದು, ಕಾರ್ಬ್ಯುರೇಟರಿನಿಂದ ಪೆಟ್ರೋಲು, ಎಣ್ಣೆ, ಗಾಳಿಗಳ ಮಿಶ್ರಣ ಒಳಗೆ ನುಗ್ಗುತ್ತದೆ. ಪಿಸ್ಟನ್ನು ಕೆಳಗಿಳಿದಾಗ ಅದೇ ಮಿಶ್ರಣ ಒತ್ತಲ್ಪಟ್ಟು, ಸಿಲಿಂಡರಿನ ಪಕ್ಕದ ಟ್ರಾನ್ಸ್‌ಫರ್ ದಾರಿಗಳ ಮೂಲಕ ಮೇಲಕ್ಕೆ ಚಿಮ್ಮಿ, ಸುಟ್ಟ ಹೊಗೆಯನ್ನು ಹೊರದೂಡಿ, ಅದರ ಸ್ಥಳವನ್ನು ತಾನು ಆಕ್ರಮಿಸುತ್ತದೆ. ನಿಮಿಷಕ್ಕೆ 3000 ಸುತ್ತಿನ ಸಾಧಾರಣ ವೇಗದಲ್ಲಿ ಈ ಎಳೆತ–ನೂಕುಗಳು ಸೆಕೆಂಡಿಗೆ 50 ಬಾರಿ ನಡೆಯುತ್ತವೆ.

ನಾಲ್ಕು-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸು ಎಣ್ಣೆಯ ತೊಟ್ಟಿ ಮಾತ್ರ. ಅಲ್ಲಿ ಸೀಲು ಕೆಟ್ಟರೆ ಎಣ್ಣೆ ತೊಟ್ಟಿಕ್ಕಿ ನೆಲ ಕೊಳೆಯಾಗುತ್ತದೆ, ಮನೆಯೊಡತಿಯ ಅಸಮಾಧಾನಕ್ಕೆ ಪಾತ್ರರಾಗಬೇಕಾಗುತ್ತದೆ. ಎಂಜಿನ್ನು ಮಾತ್ರ ಎಂದಿನಂತೆಯೇ ನಡೆಯುತ್ತಿರುತ್ತದೆ. ಎರಡು-ಸ್ಟ್ರೋಕಿನಲ್ಲಿ ಹಾಗಲ್ಲ. ತೂತುಬಿದ್ದ ತಿದಿ ಕುಲುಮೆಯನ್ನು ಊದಲಾರದು. ಕ್ರ್ಯಾಂಕ್ ಶಾಫ್ಟಿನ ಎರಡು ತುದಿಗಳೂ ಕೋಣೆಯ ಗೋಡೆಯನ್ನು ದಾಟಿ ಹೊರಗೆ ಚಾಚಿಕೊಂಡಿರಲೇಬೇಕು. ತಿರುಗುವ ಶಾಫ್ಟಿಗೂ ಸ್ಥಿರವಾದ ಗೋಡೆಗೂ ನಡುವಣ ಸಂದನ್ನು ಮುಚ್ಚುವ ಹೊಣೆ ಎಡಕ್ಕೊಂದು ಬಲಕ್ಕೊಂದು ಇರುವ ಎರಡು ಸೀಲುಗಳದು.

ಈ ಎರಡು ಸೀಲುಗಳು ನೋಡಲು ಅಣ್ಣತಮ್ಮಂದಿರಂತಿದ್ದರೂ ಅವು ಕೆಟ್ಟಾಗ ತೋರುವ ಲಕ್ಷಣಗಳು ಬೇರೆ ಬೇರೆ. ಜಾವಾ–ಯೆಜ್ಡಿಯಲ್ಲಿ ಎಡಗಡೆ ಕ್ಲಚ್ಚೂ ಪ್ರೈಮರಿ ಚೈನೂ ಗೇರುಪೆಟ್ಟಿಗೆಯ ಎಣ್ಣೆಯಲ್ಲಿಯೇ ಓಡುತ್ತವೆ. ಎಡ ಸೀಲು ಸವೆದರೆ ಎಂಜಿನ್ನು ಪ್ರತಿ ಎಳೆತಕ್ಕೂ ಆ ಎಣ್ಣೆಯನ್ನು ಹೀರಿಕೊಂಡು ಸುಡುತ್ತದೆ. ಸೈಲೆನ್ಸರಿನಿಂದ ದಟ್ಟವಾದ ಬಿಳಿ ಹೊಗೆ ಏಳುತ್ತದೆ, ಪ್ಲಗ್ಗು ಪದೇ ಪದೇ ಮಸಿ ಕಟ್ಟುತ್ತದೆ, ನೆಲದ ಮೇಲೆ ಒಂದು ತೊಟ್ಟೂ ಬೀಳದೆ ಗೇರುಪೆಟ್ಟಿಗೆಯ ಎಣ್ಣೆ ಇಳಿಯುತ್ತ ಹೋಗುತ್ತದೆ. ಎರಡು-ಸ್ಟ್ರೋಕ್ ಬಂಡಿಯೆಂದರೆ ಹೊಗೆ ಸಹಜವೆಂದು ಎಲ್ಲರೂ ನಂಬಿರುವುದರಿಂದ ಈ ರೋಗ ಬಹುಕಾಲ ಪತ್ತೆಯಾಗದೆ ಉಳಿಯುವುದುಂಟು.

ಬಲಗಡೆಯದು ಇದಕ್ಕಿಂತ ಅಪಾಯಕಾರಿ. ಅಲ್ಲಿ ಡೈನಮೊ ಇದೆ. ಹೊರಗೆ ಎಣ್ಣೆಯಿಲ್ಲ, ಬರಿಯ ಗಾಳಿಯಿದೆ. ಬಲ ಸೀಲು ಬಿರಿದರೆ ಕಾರ್ಬ್ಯುರೇಟರು ಅಳೆದು ಕೊಡದ ಗಾಳಿಯೊಂದು ಕಳ್ಳದಾರಿಯಿಂದ ಒಳಸೇರುತ್ತದೆ. ಮಿಶ್ರಣದಲ್ಲಿ ಪೆಟ್ರೋಲಿನ ಅಂಶ ಕಡಿಮೆಯಾಗುತ್ತದೆ. ಇಂತಹ ತೆಳು ಮಿಶ್ರಣ ಉರಿದಾಗ ಪಿಸ್ಟನ್ನಿನ ಬಿಸಿ ಮಿತಿಮೀರುತ್ತದೆ. ಇಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತೇನೋ. ಆದರೆ ಈ ಎಂಜಿನ್ನಿಗೆ ಬೇಕಾದ ಎಣ್ಣೆಯೂ ಪೆಟ್ರೋಲಿನಲ್ಲಿಯೇ ಬೆರೆತು ಬರಬೇಕಾದ್ದರಿಂದ, ಪೆಟ್ರೋಲು ಕಡಿಮೆಯಾದಷ್ಟೂ ಎಣ್ಣೆಯೂ ಕಡಿಮೆಯಾಗುತ್ತದೆ. ಅಂದರೆ ಬಿಸಿ ಏರಿದ ಹೊತ್ತಿನಲ್ಲಿಯೇ ಜಾರುವಿಕೆ ಕುಗ್ಗುತ್ತದೆ. ಪಿಸ್ಟನ್ನಿನ ಅಲ್ಯುಮಿನಿಯಂ ಬಿಸಿಗೆ ಹಿಗ್ಗುವ ಪ್ರಮಾಣ ಸಿಲಿಂಡರಿನ ಬೀಡುಕಬ್ಬಿಣದ ಸುಮಾರು ಎರಡರಷ್ಟು. ಹಿಗ್ಗಿದ ಪಿಸ್ಟನ್ನು ಗೋಡೆಗೆ ಕಚ್ಚಿಕೊಳ್ಳುತ್ತದೆ. ಇದನ್ನೇ ಎಂಜಿನ್ನು ‘ಸೀಜ್’ ಆಯಿತೆನ್ನುವುದು. ಹೆದ್ದಾರಿಯಲ್ಲಿ ವೇಗವಾಗಿ ಸಾಗುತ್ತಿರುವ ಬಂಡಿಯ ಎಂಜಿನ್ನು ಹೀಗೆ ಕಚ್ಚಿಕೊಂಡರೆ ಚೈನಿನ ಮೂಲಕ ಹಿಂದಿನ ಚಕ್ರವೂ ಒಮ್ಮೆಲೇ ನಿಲ್ಲುತ್ತದೆ. ಆ ಕ್ಷಣದಲ್ಲಿ ಸವಾರನು ಕ್ಲಚ್ಚನ್ನು ಹಿಡಿದರೆ ಬದುಕಿದನು. ಹಿಡಿಯದಿದ್ದರೆ, ಹಿಂದೆ ಲಾರಿ ಬರುತ್ತಿದ್ದರೆ, ಮುಂದಿನದನ್ನು ಹೇಳಬೇಕಾಗಿಲ್ಲ. ಹೊಸ ಬೋರು ಮಾಡಿಸಿ ಹೊಸ ಪಿಸ್ಟನ್ನು ಹಾಕಿದ ಎಂಜಿನ್ನು ಕೆಲವೇ ದಿನಗಳಲ್ಲಿ ಸೀಜಾದಾಗ ದೋಷವನ್ನು ಬೋರಿನವನ ಮೇಲೋ ಪಿಸ್ಟನ್ನಿನ ಮೇಲೋ ಹೊರಿಸುವುದು ವಾಡಿಕೆ. ಹಳೆಯ ಸೀಲನ್ನೇ ಒರೆಸಿ ಮತ್ತೆ ಹಾಕಿದ್ದುದು ಯಾರ ನೆನಪಿಗೂ ಬರುವುದಿಲ್ಲ.

ಬಲ ಸೀಲಿನ ದೋಷವು ಮುನ್ಸೂಚನೆಯಿಲ್ಲದೆ ಬರುವುದಿಲ್ಲ. ನಿಂತಲ್ಲಿಯೇ ಎಂಜಿನ್ನಿನ ಓಟ ಏರಿಳಿಯುತ್ತದೆ. ಆಕ್ಸಿಲರೇಟರು ಬಿಟ್ಟರೂ ಓಟ ತಟ್ಟನೆ ಇಳಿಯದು. ಕಿಕ್ ಹೊಡೆದರೆ ಬಂಡಿ ಬೇಗ ಎದ್ದುಕೊಳ್ಳದು. ಡೈನಮೊ ಕವಚ ತೆಗೆದು ನೋಡಿದರೆ ಒಣಗಿರಬೇಕಾದ ಕಾಂಟ್ಯಾಕ್ಟ್ ಪಾಯಿಂಟುಗಳ ಸುತ್ತ ಎಣ್ಣೆಯ ಜಿಡ್ಡು. ಕಾರ್ಬ್ಯುರೇಟರಿನ ತಿರುಪನ್ನು ಎಷ್ಟು ತಿರುಗಿಸಿದರೂ ಈ ಲಕ್ಷಣಗಳು ಹೋಗುವುದಿಲ್ಲ.

ಇನ್ನು ಸೀಲಿನ ರಚನೆ. ಹೊರಗೆ ಗಟ್ಟಿಯಾದ ಲೋಹದ ಬಳೆ, ಅದಕ್ಕೆ ಅಂಟಿದ ರಬ್ಬರು, ರಬ್ಬರಿನ ಒಳ ಅಂಚಿನಲ್ಲಿ ಚೂಪಾದ ತುಟಿ, ಆ ತುಟಿಯನ್ನು ಶಾಫ್ಟಿನ ಮೇಲೆ ಮೃದುವಾಗಿ ಒತ್ತಿಹಿಡಿಯುವ ಕೂದಲೆಳೆಯಂತಹ ಸುರುಳಿ ಸ್ಪ್ರಿಂಗು. 25 ಮಿಲಿಮೀಟರು ದಪ್ಪದ ಶಾಫ್ಟು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ಮೈ ಈ ತುಟಿಯ ಕೆಳಗೆ ಸೆಕೆಂಡಿಗೆ ಸುಮಾರು ನಾಲ್ಕು ಮೀಟರು ವೇಗದಲ್ಲಿ ಉಜ್ಜಿಕೊಂಡು ಹೋಗುತ್ತದೆ. ಒಂದು ಗಂಟೆಯಲ್ಲಿ 1,80,000 ಸುತ್ತು. ಇಷ್ಟನ್ನು ತಾಳಲು ತುಟಿಗೆ ಎರಡು ಆಸರೆ ಬೇಕು: ಎಣ್ಣೆಯ ತೆಳುವಾದ ಪೊರೆ ಮತ್ತು ತನ್ನದೇ ಸ್ಥಿತಿಸ್ಥಾಪಕ ಗುಣ.

ರಬ್ಬರು ಈ ಗುಣವನ್ನು ಕಳೆದುಕೊಂಡಾಗ ಏನಾಗುವುದೆಂಬುದನ್ನು ಲೋಕ 1986ರ ಜನವರಿ 28ರಂದು ಕಂಡಿತು. ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಮೇಲೆದ್ದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಜನ ಯಾತ್ರಿಗಳು ಮಡಿದರು. ರಾಕೆಟ್ಟಿನ ಕೀಲಿನಲ್ಲಿದ್ದ ರಬ್ಬರು ಉಂಗುರವು ಅಂದಿನ ಚಳಿಗೆ ಬಿಗಿದುಕೊಂಡು ಸಂದನ್ನು ಸಕಾಲಕ್ಕೆ ಮುಚ್ಚದೆ ಹೋದದ್ದೇ ಆ ದುರಂತದ ಮೂಲವೆಂದು ತನಿಖೆಯಲ್ಲಿ ತಿಳಿದುಬಂತು. ಮೋಟಾರ್ ಸೈಕಲ್ಲಿನ ಸೀಲಿಗೆ ಚಳಿಗಿಂತ ಬಿಸಿ ಮತ್ತು ವಯಸ್ಸುಗಳೇ ಶತ್ರುಗಳು. ಫಲ ಮಾತ್ರ ಒಂದೇ, ರಬ್ಬರು ಕಲ್ಲಾಗುವುದು.

ಹಳೆಯ ಬಂಡಿಗಳ ಅಭಿಮಾನಿಗಳು ಎಡವುವುದು ಇಲ್ಲಿಯೇ. ಕಾರ್ಖಾನೆಯ ಮೂಲ ಮುದ್ರೆಯುಳ್ಳ, ದಶಕಗಳ ಕಾಲ ಅಂಗಡಿಯ ಕಪಾಟಿನಲ್ಲಿ ಬಿಚ್ಚದೆ ಉಳಿದ ಪೊಟ್ಟಣ ದೊರೆತರೆ ಅವರಿಗೆ ನಿಧಿ ದೊರೆತಷ್ಟು ಹಿಗ್ಗು. ಗೇರಿನ ಹಲ್ಲುಚಕ್ರಕ್ಕೆ, ಪಿಸ್ಟನ್ನಿಗೆ ಈ ಹಿಗ್ಗು ಸಲ್ಲುತ್ತದೆ. ಕಬ್ಬಿಣ ಪೊಟ್ಟಣದೊಳಗೆ ಮುಪ್ಪಾಗುವುದಿಲ್ಲ. ರಬ್ಬರು ಮುಪ್ಪಾಗುತ್ತದೆ. ಸೀಲುಗಳಲ್ಲಿ ಸಾಮಾನ್ಯವಾಗಿ ಬಳಸುವ ನೈಟ್ರೈಲ್ ರಬ್ಬರನ್ನು ತಂಪಾದ, ಬೆಳಕು ಬೀಳದ ಜಾಗದಲ್ಲಿಟ್ಟರೂ ಏಳೆಂಟು ವರ್ಷಗಳಿಗಿಂತ ಹೆಚ್ಚು ನೆಚ್ಚಲಾಗದು. 1996ಕ್ಕೆ ಮುಂಚೆ ತಯಾರಾದ ಸೀಲು ಎಷ್ಟೇ ಹೊಸದಾಗಿ ಕಂಡರೂ ಅದರ ಸ್ಥಾನ ಗಾಜಿನ ಪೆಟ್ಟಿಗೆಯೇ ಹೊರತು ಎಂಜಿನ್ನಲ್ಲ. ಸೀಲಿನ ಮೈಮೇಲೆಯೇ ಅದರ ಅಳತೆ ಅಚ್ಚಾಗಿರುತ್ತದೆ. ಉದಾಹರಣೆಗೆ ‘25-52-7’ ಎಂದಿದ್ದರೆ ಒಳವ್ಯಾಸ 25, ಹೊರವ್ಯಾಸ 52, ದಪ್ಪ 7 ಮಿಲಿಮೀಟರು ಎಂದರ್ಥ. ಈ ಅಳತೆಯನ್ನು ಬರೆದುಕೊಂಡು ಹೋದರೆ ಬೇರಿಂಗು ಮಾರುವ ಒಳ್ಳೆಯ ಅಂಗಡಿಗಳಲ್ಲಿ ಇತ್ತೀಚೆಗೆ ತಯಾರಾದ ಸೀಲು ಬಹುಮಟ್ಟಿಗೆ ದೊರೆಯುತ್ತದೆ. ಕೊಳ್ಳುವಾಗ ತುಟಿಯನ್ನು ಬೆರಳಿನಿಂದ ಮಡಿಸಿ ಬಿಡಬೇಕು. ತಕ್ಷಣ ಮೊದಲಿನ ಆಕಾರಕ್ಕೆ ಬರದಿದ್ದರೆ, ಮಡಿಸಿದಲ್ಲಿ ಕೂದಲಿನಷ್ಟು ಬಿರುಕು ಕಂಡರೆ, ಅದನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಮೇಲು.

ರಬ್ಬರಿನ ಜಾತಿಯನ್ನೂ ಕೇಳಬೇಕು. ನೈಟ್ರೈಲು ಸುಮಾರು 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನವರೆಗೆ ಚೆನ್ನಾಗಿ ಬಾಳುತ್ತದೆ. ವೈಟಾನ್ ಎಂಬ ವ್ಯಾಪಾರನಾಮದಿಂದ ಪರಿಚಿತವಾದ ಫ್ಲೋರೀನ್ ಯುಕ್ತ ರಬ್ಬರು ಸುಮಾರು 200 ಡಿಗ್ರಿಯವರೆಗೂ ತಾಳುತ್ತದೆ; ಬೆಲೆ ಹೆಚ್ಚು. ಹಿಂದೆ ಈ ಆಯ್ಕೆ ಭೋಗವೆನಿಸುತ್ತಿತ್ತು. ಈಗ ಹಾಗೆನ್ನಲಾಗದು. ಏಕೆಂದರೆ 2023ರಿಂದೀಚೆಗೆ ದೇಶದ ಬಂಕುಗಳಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಹಬ್ಬುತ್ತ ಬಂದಿದೆ. ನಮ್ಮ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕಬ್ಬಿನ ಗದ್ದೆಗಳಿಗೂ ಈ ಎಥನಾಲಿಗೂ ಇರುವ ನಂಟು ಬಲ್ಲವರಿಗೆ ಹೇಳಬೇಕಾಗಿಲ್ಲ. ರೈತನ ದೃಷ್ಟಿಯಿಂದ ಅದು ಸಂತೋಷದ ಸಂಗತಿಯೇ. ಆದರೆ ಹಳೆಯ ರಬ್ಬರು ಭಾಗಗಳು ಎಥನಾಲಿನ ಸಹವಾಸದಲ್ಲಿ ಉಬ್ಬಿ ಮೆತ್ತಗಾಗುವುದೋ, ಒಣಗಿ ಬಿರಿಯುವುದೋ ಉಂಟು. ಎಥನಾಲಿನಲ್ಲಿ ಆಮ್ಲಜನಕವೂ ಅಡಗಿರುವುದರಿಂದ ಹಳೆಯ ಕಾರ್ಬ್ಯುರೇಟರು ಕೊಡುವ ಮಿಶ್ರಣ ಮೊದಲೇ ಕೊಂಚ ತೆಳುವಾಗಿರುತ್ತದೆ. ಅದರ ಮೇಲೆ ಸೀಲೂ ಸೋರಿದರೆ ಎಂಜಿನ್ನಿಗೆ ಉಳಿಗಾಲವಿಲ್ಲ.

ಸೀಲು ಕೂರಿಸುವ ಮುನ್ನ ಶಾಫ್ಟನ್ನು ಪರೀಕ್ಷಿಸಬೇಕು. ಮೆತ್ತನೆಯ ರಬ್ಬರು ಗಟ್ಟಿಯಾದ ಉಕ್ಕನ್ನು ಸವೆಸುತ್ತದೆಂದರೆ ಅನೇಕರು ನಂಬುವುದಿಲ್ಲ. ಹಗ್ಗದ ಉಜ್ಜಿಗೆ ಬಾವಿಯ ಕಲ್ಲಿನಲ್ಲಿ ಗೆರೆ ಬೀಳುವುದನ್ನು ಕಂಡವರು ನಂಬಿಯಾರು. ತುಟಿ ಕೂತಿದ್ದ ಜಾಗದಲ್ಲಿ ಉಗುರಾಡಿಸಿದಾಗ ಅದು ಸಿಕ್ಕಿಕೊಳ್ಳುವಷ್ಟು ಗೆರೆ ಇದ್ದರೆ, ಹೊಸ ಸೀಲೂ ಅಲ್ಲಿ ನಿಲ್ಲಲಾರದು. ಗೆರೆ ತೀರ ಮೇಲುಮೇಲಿನದಾದರೆ ಎಣ್ಣೆಯಲ್ಲಿ ಅದ್ದಿದ ಅತಿ ನಯವಾದ ಎಮರಿ ಕಾಗದದಿಂದ ಶಾಫ್ಟಿನ ಸುತ್ತಲೂ ಉಜ್ಜಿ ಒಪ್ಪ ಕೊಡಬಹುದು. ಉದ್ದಕ್ಕೆ ಉಜ್ಜಬಾರದು, ಉದ್ದನೆಯ ಗೀರುಗಳು ಎಣ್ಣೆಗೆ ಕಾಲುವೆಗಳಾಗುತ್ತವೆ. ಆಳವಾದ ಗೆರೆಗೆ ತೆಳುವಾದ ಉಕ್ಕಿನ ತೋಳು ತೊಡಿಸುವುದೋ, ಗೂಡಿನಲ್ಲಿ ಅವಕಾಶವಿದ್ದರೆ ಸೀಲನ್ನು ಕೂದಲಷ್ಟು ಮುಂದಕ್ಕೋ ಹಿಂದಕ್ಕೋ ಕೂರಿಸಿ ತುಟಿಗೆ ಹೊಸ ಜಾಗ ಒದಗಿಸುವುದೋ ಪರಿಹಾರ.

ಹಾಗೆ ಸರಿಸುವಾಗ ಒಂದು ಎಚ್ಚರಿಕೆ ಅತ್ಯಗತ್ಯ. ಕ್ರ್ಯಾಂಕ್‌ಕೇಸಿನ ಗೋಡೆಯಲ್ಲಿ ಬೇರಿಂಗಿಗೂ ಸೀಲಿಗೂ ಎಣ್ಣೆ ಹನಿ ತಲುಪಿಸುವ ಸಣ್ಣ ರಂಧ್ರಗಳಿರುತ್ತವೆ. ಸೀಲನ್ನು ಅತಿಯಾಗಿ ಒಳಗೆ ಬಡಿದರೆ ಅದರ ಬೆನ್ನು ಈ ರಂಧ್ರವನ್ನು ಮುಚ್ಚಿಬಿಡುತ್ತದೆ. ಎಂಜಿನ್ನು ಆಗಲೂ ಸೋರುವುದಿಲ್ಲ, ಹೊಗೆ ಕಾರುವುದಿಲ್ಲ, ಚೆನ್ನಾಗಿಯೇ ಓಡುತ್ತದೆ. ಸಾವಿರಾರು ಕಿಲೋಮೀಟರು ಬಾಳಬೇಕಾದ ಬೇರಿಂಗು ಮಾತ್ರ ಒಣಗಿ ಬೇಗನೆ ಗುರುಗುಟ್ಟತೊಡಗುತ್ತದೆ. ಎಣ್ಣೆಗೆ ಹೋದ ಗಮ್ಮು ಗಟ್ಟಿಯಾಗಿ ರಂಧ್ರ ಮುಚ್ಚುವುದೂ ಹೀಗೆಯೇ. ಆದಕಾರಣ ಜೋಡಣೆಗೆ ಮುನ್ನ ಪ್ರತಿ ರಂಧ್ರಕ್ಕೂ ತೆಳುವಾದ ತಂತಿ ಹಾಯಿಸಿ, ಗಾಳಿ ಊದಿ ನೋಡುವುದನ್ನು ನುರಿತ ಕೆಲಸಗಾರನು ಎಂದೂ ತಪ್ಪಿಸುವುದಿಲ್ಲ.

ಹಳೆಯ ಸೀಲನ್ನು ಕೀಳುವ ಮೊದಲೇ ಅದು ಯಾವ ಮುಖವಾಗಿ, ಎಷ್ಟು ಆಳದಲ್ಲಿ ಕೂತಿತ್ತೆಂಬುದನ್ನು ಬರೆದಿಟ್ಟುಕೊಳ್ಳಬೇಕು. ಸಾಮಾನ್ಯ ನಿಯಮದಂತೆ ಸ್ಪ್ರಿಂಗು ಕಾಣುವ ಮುಖವು ತಡೆಯಬೇಕಾದ ಒತ್ತಡದ ಕಡೆಗಿರಬೇಕು. ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡವೂ ಎಳೆತವೂ ಸರದಿಯಂತೆ ಬರುವುದರಿಂದ ಆಯಾ ಮಾದರಿಯ ಕೈಪಿಡಿ ಹೇಳಿದ ಮುಖವನ್ನೇ ಪಾಲಿಸುವುದು ಕ್ಷೇಮ. ಬೇರಿಂಗು ಕೂರಿಸಲು ಅಲ್ಯುಮಿನಿಯಂ ಕೇಸನ್ನು ಸುಮಾರು 100 ಡಿಗ್ರಿಗೆ ಬಿಸಿಮಾಡುವುದುಂಟು. ಬೇರಿಂಗು ತನ್ನ ಭಾರಕ್ಕೆ ತಾನೇ ಜಾರಿ ಕೂರುತ್ತದೆ. ಸೀಲಿನ ಸರದಿ ಬರುವುದು ಕೇಸು ಪೂರ್ತಿ ತಣಿದ ಮೇಲೆ. ಗೂಡಿನ ಅಂಚಿನ ಒರಟನ್ನು ತೆಗೆದು, ಸೀಲಿನ ಹೊರಮೈಗೆ ತೆಳುವಾಗಿ ಎಣ್ಣೆ ಸವರಿ, ಹೊರವ್ಯಾಸಕ್ಕಿಂತ ತುಸು ಕಿರಿದಾದ ಚಪ್ಪಟೆ ಕೊಳವೆಯನ್ನಿಟ್ಟು ಸಮನಾಗಿ ಒತ್ತಬೇಕು. ಒಂದು ಕಡೆ ಸ್ಕ್ರೂಡ್ರೈವರಿನಿಂದ ಬಡಿದು ಇನ್ನೊಂದು ಕಡೆಗೆ ತಿರುಗುವ ಆತುರದ ಪದ್ಧತಿಯಲ್ಲಿ ಲೋಹದ ಬಳೆ ಸೊಟ್ಟಗಾಗಿ, ಕೂರಿಸುವ ಮುನ್ನವೇ ಸೀಲು ಹಾಳಾಗಿರುತ್ತದೆ.

ತುಟಿಗೆ ಗ್ರೀಸು ಹಚ್ಚುವುದನ್ನು ಮರೆಯಲಾಗದು. ಮೊದಲ ಕಿಕ್ಕಿನಲ್ಲಿ ಒಣ ತುಟಿ ಒಣ ಶಾಫ್ಟಿನ ಮೇಲೆ ಉಜ್ಜಿದರೆ ಕೆಲವೇ ಸೆಕೆಂಡುಗಳಲ್ಲಿ ಅದರ ಚೂಪು ಸುಟ್ಟುಹೋಗುತ್ತದೆ. ಶಾಫ್ಟಿನ ತುದಿಯಲ್ಲಿರುವ ಮರೆ, ಕೀಲಿಯ ಗಾಡಿ ಇವೆಲ್ಲ ತುಟಿಯ ಪಾಲಿಗೆ ಕತ್ತಿಯ ಅಲಗುಗಳು. ಕೀಲಿಯನ್ನು ಮೊದಲೇ ತೆಗೆದಿಟ್ಟು, ಶಾಫ್ಟಿನ ತುದಿಗೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ ಎಣ್ಣೆ ಸವರಿ ಅದರ ಮೇಲೆ ಸೀಲನ್ನು ಜಾರಿಸಿದರೆ ಈ ಅಪಾಯವಿಲ್ಲ. ಹಾಲಿನ ಪ್ಯಾಕೆಟ್ಟಿನ ಒಂದು ತುಂಡು ಇದಕ್ಕೆ ಧಾರಾಳವಾಗಿ ಸಾಕು.

ಗ್ಯಾಸ್ಕೆಟ್ಟುಗಳದು ಬೇರೆಯ ಕಥೆ. ಎರಡು ಲೋಹದ ಮುಖಗಳು ಎಷ್ಟೇ ನಯವಾಗಿದ್ದರೂ ಅವುಗಳ ನಡುವೆ ಕಣ್ಣಿಗೆ ಕಾಣದ ತಗ್ಗುದಿಣ್ಣೆಗಳಿರುತ್ತವೆ. ಬೋಲ್ಟುಗಳ ಬಿಗಿತಕ್ಕೆ ಅಮುಕಿಕೊಂಡು ಆ ತಗ್ಗುಗಳನ್ನು ತುಂಬುವುದೇ ಗ್ಯಾಸ್ಕೆಟ್ಟಿನ ಕೆಲಸ. ಒಮ್ಮೆ ಅಮುಕಿಕೊಂಡ ಕಾಗದಕ್ಕೆ ಮತ್ತೆ ಅಮುಕಿಕೊಳ್ಳುವ ಶಕ್ತಿಯಿರುವುದಿಲ್ಲವಾದ್ದರಿಂದ ಅದನ್ನು ಎರಡನೆಯ ಬಾರಿ ಬಳಸುವುದು ಉಳಿತಾಯವಲ್ಲ.

ಇವುಗಳಲ್ಲಿ ಸಿಲಿಂಡರಿನ ಬುಡದ ಗ್ಯಾಸ್ಕೆಟ್ಟು ವಿಶೇಷ ಗಮನಕ್ಕೆ ಅರ್ಹ. ಇದರ ದಪ್ಪವು ಎಂಜಿನ್ನಿನ ಸ್ವಭಾವವನ್ನೇ ಬದಲಿಸಬಲ್ಲುದು. ಮೂಲ ಕಾಗದಕ್ಕಿಂತ ಅರ್ಧ ಮಿಲಿಮೀಟರು ದಪ್ಪದ್ದನ್ನು ಹಾಕಿದರೆಂದು ಭಾವಿಸೋಣ. 65 ಮಿಲಿಮೀಟರು ಬೋರಿನ ಅಡ್ಡಳತೆಗೆ ಇದು ಉರಿಯುವ ಕೋಣೆಯಲ್ಲಿ ಸುಮಾರು 1.66 ಘನ ಸೆಂಟಿಮೀಟರು ಜಾಗವನ್ನು ಹೆಚ್ಚಿಸಿ ಕಂಪ್ರೆಷನ್ನನ್ನು ಇಳಿಸುತ್ತದೆ. ಅಷ್ಟೇ ಅಲ್ಲದೆ, ಎರಡು-ಸ್ಟ್ರೋಕಿನಲ್ಲಿ ಕವಾಟಗಳ ಕೆಲಸವನ್ನು ಸಿಲಿಂಡರಿನ ಗೋಡೆಯ ಕಿಂಡಿಗಳೇ ಮಾಡುವುದರಿಂದ, ಸಿಲಿಂಡರು ಮೇಲೆದ್ದಷ್ಟೂ ಹೊಗೆಯ ಕಿಂಡಿ ಬೇಗ ತೆರೆಯುತ್ತದೆ, ಮಿಶ್ರಣ ಎಳೆಯುವ ಕಿಂಡಿ ತಡವಾಗಿ ತೆರೆಯುತ್ತದೆ. ಅಂಚೆ ಕಾರ್ಡು, ಲಗ್ನಪತ್ರಿಕೆಯ ರಟ್ಟು, ಸಿಮೆಂಟ್ ಚೀಲದ ಕಾಗದ ಇವುಗಳಿಂದ ಪ್ಯಾಕಿಂಗು ಕತ್ತರಿಸುವ ಜಾಣ್ಮೆ ನಮ್ಮ ಗ್ಯಾರೇಜುಗಳಲ್ಲಿ ಉಂಟು. ದಾರಿಯಲ್ಲಿ ಬಂಡಿ ನಿಂತಾಗ ಊರು ಮುಟ್ಟಲು ಅದು ಮೆಚ್ಚತಕ್ಕ ಉಪಾಯ. ಎಂಜಿನ್ನನ್ನು ಪೂರ್ತಿ ಬಿಚ್ಚಿ ಜೋಡಿಸುವಾಗ ಮಾತ್ರ ಹಳೆಯದರ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆದು, ಅದೇ ದಪ್ಪದ ಗ್ಯಾಸ್ಕೆಟ್ ಕಾಗದವನ್ನು ತಂದು ಕತ್ತರಿಸಬೇಕು. ಕಾಗದವನ್ನು ಕೇಸಿನ ಮೇಲಿಟ್ಟು ಅಂಚಿನ ಸುತ್ತ ಸುತ್ತಿಗೆಯಿಂದ ತಟ್ಟಿ ಕತ್ತರಿಸುವ ರೂಢಿಯೂ ಬಿಡತಕ್ಕದ್ದು. ಅಲ್ಯುಮಿನಿಯಂ ಅಂಚು ಪ್ರತಿ ತಟ್ಟಿಗೂ ನಸು ಮಡಿಯುತ್ತದೆ. ಎಣ್ಣೆ ಹಚ್ಚಿದ ಬೆರಳಿನಿಂದ ಕಾಗದವನ್ನು ಅಂಚಿಗೆ ಒತ್ತಿ ಗುರುತು ಮೂಡಿಸಿ, ಕೈಯಲ್ಲಿ ಹಿಡಿದು ಕತ್ತರಿಯಿಂದ ಕತ್ತರಿಸುವುದು ನಿಧಾನವಾದರೂ ನಿರಪಾಯ. ಟ್ರಾನ್ಸ್‌ಫರ್ ದಾರಿಗಳ ಬಾಯಿಗೆ ಕಾಗದದ ಅಂಚು ಚಾಚಿಕೊಳ್ಳದಂತೆ ನೋಡಿಕೊಳ್ಳಬೇಕು.

ಹಳೆಯ ಗ್ಯಾಸ್ಕೆಟ್ಟನ್ನು ಕೆರೆದು ತೆಗೆಯುವುದು ಇಡೀ ಪುನರ್ಜೋಡಣೆಯಲ್ಲಿಯೇ ಬೇಸರದ ಕೆಲಸ. ಕೂಲಿಯ ಲೆಕ್ಕದಲ್ಲಿ ಇದಕ್ಕೆ ಪ್ರತ್ಯೇಕ ಸಾಲು ಇರುವುದಿಲ್ಲ, ಜೋಡಿಸಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಯಕವೆಂಬ ಮಾತನ್ನು ಸಭೆಗಳಲ್ಲಿ ಹೇರಳವಾಗಿ ಕೇಳುತ್ತೇವೆ. ಅದನ್ನು ಕಾಣಬೇಕಾದರೆ ಬಿದಿರಿನ ಚಕ್ಕೆ ಹಿಡಿದು ಗಂಟೆಗಟ್ಟಲೆ ಕೇಸಿನ ಮುಖ ಒರೆಸುವ ಗ್ಯಾರೇಜಿನ ಹುಡುಗನನ್ನು ನೋಡಬಹುದು. ಬಿದಿರು, ಮರ ಅಥವಾ ಹಿತ್ತಾಳೆಯ ಚಕ್ಕೆಯೇ ಆಗಬೇಕು. ಉಕ್ಕಿನ ಉಳಿ ಒಮ್ಮೆ ಜಾರಿದರೆ ಬೀಳುವ ಗೀರು ಶಾಶ್ವತ. ಹಳೆಯ ಕೆಲವು ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಉಸಿರಿನೊಡನೆ ಶ್ವಾಸಕೋಶ ಸೇರಿದರೆ ಹಲವು ವರ್ಷಗಳ ನಂತರ ಕ್ಯಾನ್ಸರಿಗೂ ಕಾರಣವಾಗಬಲ್ಲುದೆಂಬುದು ಈಗ ಸಂಶಯಾತೀತ. ಆದ್ದರಿಂದ ಬೂದುಬಣ್ಣದ ನಾರು ನಾರಾದ ಹಳೆಯ ಗ್ಯಾಸ್ಕೆಟ್ಟನ್ನು ಒಣದಾಗಿ ಉಜ್ಜದೆ, ಊದದೆ, ಚೆನ್ನಾಗಿ ನೆನೆಸಿ ಕೆರೆದು, ಚೂರುಗಳನ್ನು ಒದ್ದೆಯಾಗಿಯೇ ಕಟ್ಟಿ ವಿಲೇವಾರಿ ಮಾಡಬೇಕು. ಮುಖ ಶುದ್ಧವಾದ ಮೇಲೆ ದಪ್ಪ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ, ಭಾಗವನ್ನು ಅದರ ಮೇಲೆ ಎಂಟರ ಆಕಾರದಲ್ಲಿ ಮೆಲ್ಲನೆ ಆಡಿಸಿದರೆ ಎತ್ತರದ ಜಾಗ ಹೊಳೆದು, ತಗ್ಗು ಮಂಕಾಗಿ ಉಳಿದು, ಡೊಂಕು ತಾನಾಗಿ ಬಯಲಾಗುತ್ತದೆ. ಕಾರ್ಬ್ಯುರೇಟರು ಕೂರುವ ಮುಖದಲ್ಲಿ ಈ ಡೊಂಕು ಬಹು ಸಾಮಾನ್ಯ; ಎರಡು ನಟ್ಟುಗಳನ್ನು ವರ್ಷಗಟ್ಟಲೆ ಬಲವಾಗಿ ಬಿಗಿದ ಫಲ.

ಗಮ್ಮಿನ ವಿಷಯದಲ್ಲಿ ಮಿತವೇ ಹಿತ. ಹಿಂದಿನ ತಲೆಮಾರಿನ ಮೆಕ್ಯಾನಿಕ್ಕುಗಳ ನೆಚ್ಚಿನ ವಸ್ತು ಶೆಲ್ಲಾಕು. ಅದು ಅರಗಿನ ಹುಳುವಿನ ಕೊಡುಗೆ. ಪೆಟ್ರೋಲಿಗೂ ಎಣ್ಣೆಗೂ ಜಗ್ಗದು. ಆದರೆ ಶೆಲ್ಲಾಕು ಕರಗುವುದೇ ಮದ್ಯಸಾರದಲ್ಲಿ, ಎಥನಾಲೆಂದರೆ ಮದ್ಯಸಾರವೇ. ಅರ್ಧ ಶತಮಾನ ನಂಬಿಕೆಯಿಂದ ನಡೆದ ಪದ್ಧತಿಯನ್ನು ಇಂದಿನ ಪೆಟ್ರೋಲು ಹೀಗೆ ಪ್ರಶ್ನಿಸುತ್ತಿದೆ. ಈಗ ಎಲ್ಲೆಡೆ ದೊರೆಯುವ ಸಿಲಿಕೋನ್ ಗಮ್ಮಾದರೋ ಗೇರುಪೆಟ್ಟಿಗೆಯ ಕಡೆಗೆ ತಕ್ಕುದೇ ಹೊರತು, ಪೆಟ್ರೋಲು ತಾಗುವ ಕ್ರ್ಯಾಂಕ್‌ಕೇಸಿನ ಸಂದಿಗೆ ಸಲ್ಲದು. ಅಲ್ಲಿ ಅದು ಉಬ್ಬಿ ಸುಲಿದು ಬರುತ್ತದೆ. ಪೆಟ್ರೋಲು ಮತ್ತು ಎಥನಾಲನ್ನು ತಾಳುವುದೆಂದು ತಯಾರಕರು ಸ್ಪಷ್ಟವಾಗಿ ಹೇಳಿರುವ, ಗಟ್ಟಿಯಾಗದೆ ಜಿಗುಟಾಗಿಯೇ ಉಳಿಯುವ ಗಮ್ಮನ್ನು ಬೆರಳಿನ ತುದಿಯಿಂದ ಪಾರದರ್ಶಕವಾಗುವಷ್ಟು ತೆಳುವಾಗಿ ಸವರಿದರೆ ಸಾಕು. ಹೊರಗೆ ಹಿಂಡಿಬಂದ ಗಮ್ಮು ಕಣ್ಣಿಗೆ ಕಾಣುತ್ತದೆ. ಅಷ್ಟೇ ಗಮ್ಮು ಒಳಗೂ ಹಿಂಡಿರುತ್ತದೆಂಬುದನ್ನು ನೆನಪಿಡಬೇಕು.

ಬೋಲ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ, ಹಂತಹಂತವಾಗಿ ಬಿಗಿಯಬೇಕು. ಹೆಡ್ಡಿಗೆ ತಾಮ್ರದ ಗ್ಯಾಸ್ಕೆಟ್ಟು ಇರುವಲ್ಲಿ ಅದನ್ನು ಮಂದವಾದ ಕೆಂಪಾಗುವವರೆಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಕಬ್ಬಿಣವನ್ನು ಹೀಗೆ ಅದ್ದಿದರೆ ಗಡುಸಾಗುವುದನ್ನು ಬಲ್ಲವರಿಗೆ ಇದು ವಿಚಿತ್ರವೆನಿಸಬಹುದು. ತಾಮ್ರದ ಧರ್ಮವೇ ಬೇರೆ.

ಜೋಡಣೆ ಮುಗಿದ ಮೇಲೆ ಹೆಚ್ಚಿನವರು ನೇರವಾಗಿ ಕಿಕ್ ಹೊಡೆಯಲು ತೊಡಗುತ್ತಾರೆ. ಅದಕ್ಕೆ ಮೊದಲು, ಡೈನಮೊ ಮತ್ತು ಕ್ಲಚ್ಚುಗಳ ಕವಚ ಹಾಕದೆ ಸೀಲುಗಳು ಕಣ್ಣಿಗೆ ಕಾಣುತ್ತಿರುವಾಗಲೇ, ಒಂದು ಪರೀಕ್ಷೆ ನಡೆಸುವುದು ವಿವೇಕ. ಇದಕ್ಕೆ ಬೇಕಾದ ಸಲಕರಣೆ ವೈದ್ಯರ ಬಳಿ ಇರುತ್ತದೆ. ರಕ್ತದೊತ್ತಡ ಅಳೆಯುವ, ಮುಳ್ಳು ತೋರುವ ಸಾಧಾರಣ ಉಪಕರಣ. ಹಳೆಯ ಪ್ಲಗ್ಗಿನ ಪಿಂಗಾಣಿಯನ್ನು ಒಡೆದು ತೆಗೆದು ಅದಕ್ಕೆ ಸಣ್ಣ ಕೊಳವೆ ಬೆಸೆಯಿಸಿ, ಪ್ಲಗ್ಗಿನ ಜಾಗದಲ್ಲಿ ಬಿಗಿದು, ಉಪಕರಣದ ರಬ್ಬರು ನಾಳವನ್ನು ಅದಕ್ಕೆ ಸಿಕ್ಕಿಸಬೇಕು. ಹೊಗೆಯ ಬಾಯಿಗಳನ್ನೂ ಕಾರ್ಬ್ಯುರೇಟರಿನ ಬಾಯಿಯನ್ನೂ ಸೈಕಲ್ ಟ್ಯೂಬಿನ ತುಂಡು ಮತ್ತು ಲೋಹದ ತಗಡಿನಿಂದ ಮುಚ್ಚಬೇಕು. ಪಿಸ್ಟನ್ನನ್ನು ಪೂರ್ತಿ ಕೆಳಗಿಳಿಸಿದರೆ ಟ್ರಾನ್ಸ್‌ಫರ್ ದಾರಿಗಳು ತೆರೆದು, ಸಿಲಿಂಡರೂ ಕ್ರ್ಯಾಂಕ್‌ಕೇಸೂ ಒಂದೇ ಕೋಣೆಯಾಗುತ್ತವೆ. ಅನಂತರ ರಬ್ಬರು ಬುರುಡೆಯನ್ನು ಒತ್ತಿ ಮುಳ್ಳನ್ನು 250ರಿಂದ 300ರ ನಡುವೆ ತರಬೇಕು. ಪಾದರಸದ ಲೆಕ್ಕದ ಈ ಅಂಕೆ ವಾತಾವರಣದ ಒತ್ತಡದ ಮೂರನೆಯ ಒಂದು ಭಾಗದ ಸುಮಾರಿನದು; ಎಂಜಿನ್ನು ಓಡುವಾಗ ಕ್ರ್ಯಾಂಕ್‌ಕೇಸಿನಲ್ಲಿ ಏಳುವ ಒತ್ತಡಕ್ಕೆ ಸಮೀಪವಾದುದು. ಸೈಕಲ್ ಪಂಪಿನಿಂದ ಇದಕ್ಕಿಂತ ಹೆಚ್ಚು ತುಂಬಿದರೆ ಒಳ್ಳೆಯ ಸೀಲೂ ಹೊರಕ್ಕೆ ಜಿಗಿದೀತು.

ಐದು ನಿಮಿಷ ಮುಳ್ಳನ್ನು ನೋಡುತ್ತ ಕೂರಬೇಕು. ಅದು ಕದಲದಿದ್ದರೆ, ಅಥವಾ ಕದಲಿದ್ದು ಗೊತ್ತಾಗದಷ್ಟು ನಿಧಾನವಾದರೆ, ಎಂಜಿನ್ನು ಸಿದ್ಧ. ಸರಸರನೆ ಇಳಿದರೆ ಸೋಪಿನ ನೊರೆಯನ್ನು ಕುಂಚದಿಂದ ಮೊದಲು ಮುಚ್ಚಿದ ತಗಡುಗಳ ಸುತ್ತ, ಆಮೇಲೆ ಸಿಲಿಂಡರಿನ ಬುಡಕ್ಕೆ, ಕೇಸಿನ ಎರಡು ಹೋಳುಗಳ ಸಂದಿಗೆ, ಕೊನೆಗೆ ಎರಡು ಸೀಲುಗಳ ತುಟಿಗೂ ಹೊರ ಅಂಚಿಗೂ ಹಚ್ಚುತ್ತ ಹೋಗಬೇಕು. ಎಲ್ಲಿ ಗುಳ್ಳೆ ಏಳುವುದೋ ಅಲ್ಲಿ ದೋಷ. ಎಲ್ಲಿಯೂ ಗುಳ್ಳೆ ಕಾಣದೆ ಮುಳ್ಳು ಇಳಿಯುತ್ತಿದ್ದರೆ ಉಪಕರಣದ ನಾಳವನ್ನೇ ಸಂಶಯಿಸಬೇಕು. ಅರ್ಧ ಗಂಟೆಯ ಈ ಕೆಲಸಕ್ಕೆ ಖರ್ಚೆಂಬುದು ಬಹುಪಾಲು ಇಲ್ಲ. ಆದರೂ ನೂರು ಎಂಜಿನ್ನು ಕಟ್ಟಿದ ಅನುಭವಿಗಳಲ್ಲಿಯೂ ಇದನ್ನು ಮಾಡುವವರು ವಿರಳ. ಕಿವಿಯೇ ಸಾಕೆಂದು ಅವರ ವಾದ. ಸೋರಿಕೆಯ ಪರಿಣಾಮ ಕಿವಿಗೆ ಕೇಳಿಸುವ ವೇಳೆಗೆ ಪಿಸ್ಟನ್ನಿನ ಮೈಮೇಲೆ ಮೊದಲ ಗೀರು ಬಿದ್ದಿರುತ್ತದೆ.

ಮೊದಲ ಬಾರಿ ಎಂಜಿನ್ನು ಬಿಸಿಯೇರಿ ಪೂರ್ತಿ ತಣಿದ ಮೇಲೆ ಹೆಡ್ಡಿನ ಮತ್ತು ಸಿಲಿಂಡರಿನ ಬುಡದ ನಟ್ಟುಗಳನ್ನು ಅದೇ ಎದುರುಬದುರಿನ ಕ್ರಮದಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು. ಹೊಸ ಗ್ಯಾಸ್ಕೆಟ್ಟು ಈ ಮೊದಲ ಬಿಸಿಯಲ್ಲಿಯೇ ಹೆಚ್ಚಿನ ಪಾಲು ಅಮುಕಿಕೊಳ್ಳುತ್ತದೆ. ಗೇರುಪೆಟ್ಟಿಗೆಗೆ ತುಂಬಿದ ಎಣ್ಣೆಯ ಮಟ್ಟವನ್ನು ತಾರೀಖಿನೊಡನೆ ಬರೆದಿಟ್ಟು, 500 ಕಿಲೋಮೀಟರು ಓಡಿದ ಬಳಿಕ ಮರಳಿ ನೋಡಿದರೆ ಎಡ ಸೀಲಿನ ಯೋಗಕ್ಷೇಮ ತಿಳಿಯುತ್ತದೆ. ಬಲ ಸೀಲಿಗೆ ಡೈನಮೊ ಕವಚವನ್ನು ತೆಗೆದು ಪಾಯಿಂಟುಗಳ ಸುತ್ತ ಬಿಳಿಯ ಬಟ್ಟೆಯೊಂದನ್ನು ಒಮ್ಮೆ ಆಡಿಸಿದರಾಯಿತು.